ಬೇಲೆಯ ಮೇಲೆ ನಿಂತ ವ್ಯಾನು

ನಮ್ಮ ಅಜ್ಜಿಯ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಉಕ್ಕಿನ ಕ್ಯಾನು ಇತ್ತು. ಚಪ್ಪಟೆ ಮೈ, ಮೇಲೆ ಸಾಲಾಗಿ ಮೂರು ಹಿಡಿಕೆ, ಎರಡೂ ಬದಿಗೆ ಗುಣಿಸುವ ಚಿಹ್ನೆಯಂತೆ ಒತ್ತಿದ ಗೀರು. ಬಣ್ಣವೆಲ್ಲ ಹೋಗಿ ತುಕ್ಕು ಹಿಡಿದಿದ್ದರೂ ಒಂದು ಹನಿ ಸೋರುತ್ತಿರಲಿಲ್ಲ. ರೇಶನ್ ಅಂಗಡಿಯ ಸೀಮೆಎಣ್ಣೆ ತರುವುದು ಅದರಲ್ಲೇ, ಇಡುವುದೂ ಅದರಲ್ಲೇ. ಅದರ ಮೈಮೇಲೆ ಉಬ್ಬಿದ ಅಕ್ಷರಗಳಿದ್ದವು. ಇಂಗ್ಲಿಷಿನ ಅಕ್ಷರಗಳೇ, ಆದರೆ ಕೂಡಿಸಿ ಓದಿದರೆ ಇಂಗ್ಲಿಷ್ ಆಗುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅದನ್ನು 'ಹಿಪ್ಪಿ ಕ್ಯಾನು' ಎಂದೇ ಕರೆಯುತ್ತಿದ್ದರು. ಕಾಲೇಜಿಗೆ ಹೋದ ಮೇಲೆ ಆ ಭಾಷೆ ಜರ್ಮನ್ ಎಂದು ತಿಳಿಯಿತು. 'ಇಂಧನ, 20 ಲೀಟರ್, ಬೆಂಕಿಯ ಅಪಾಯ' ಎಂದು ಅದರ ಅರ್ಥ. ಅಷ್ಟು ವರ್ಷ ಅಕ್ಷರ ಓದಲು ಬಾರದೆಯೂ ಅಜ್ಜಿ ಅದನ್ನು ಒಲೆಯಿಂದ ದೂರವೇ ಇಟ್ಟಿದ್ದಳು.

ಕ್ಯಾನು ಬಂದ ಕತೆ ಮನೆಯವರಿಗೆಲ್ಲ ಬಾಯಿಪಾಠ. 1970ರ ದಶಕದ ನಡುವಿನ ಒಂದು ವರ್ಷ, ದೀಪಾವಳಿ ಕಳೆದು ಬಂಗಡೆ ಮೀನು ದಂಡೆಗೆ ಬರುವ ಹೊತ್ತಿನಲ್ಲಿ, ಗೋವೆಯ ಕಡೆಯಿಂದ ಒಂದು ವ್ಯಾನು ಬಂತು. ಕಾರವಾರದಿಂದ ದಕ್ಷಿಣಕ್ಕೆ, ಹೆದ್ದಾರಿ ಬಿಟ್ಟು, ಗದ್ದೆಯ ಬದಿಯ ಗಾಡಿದಾರಿಯಲ್ಲಿ ಇಳಿದು, ನಮ್ಮೂರ ಬೇಲೆಯ ಮೇಲಿನ ಗಾಳಿಮರಗಳ ಕೆಳಗೆ ನಿಂತಿತು. ನಮ್ಮ ಕಡೆ ಸಮುದ್ರದ ದಂಡೆಗೆ ಬೇಲೆ ಎನ್ನುತ್ತಾರೆ. ಒಬ್ಬ ಗಂಡಸು, ಇಬ್ಬರು ಹೆಂಗಸರು, ಒಂದು ಮಗು. ಎಂಟು ದಿನ ಇದ್ದರು. ನಮ್ಮ ಬಾವಿಯ ನೀರು ಒಯ್ದರು. ಹೋಗುವ ದಿನ ಈ ಕ್ಯಾನನ್ನು ಜಗಲಿಯ ಮೇಲಿಟ್ಟು ಕೈಮುಗಿದು ಹೋದರು. ಇಷ್ಟೇ ಕತೆ.

ಇತಿಹಾಸ ಓದತೊಡಗಿದ ಮೇಲೆ ಈ ಸಣ್ಣ ಕತೆ ನನ್ನನ್ನು ಬಿಡಲಿಲ್ಲ. ಜರ್ಮನಿಯ ಒಂದು ವ್ಯಾನು ನೆಲದ ಮೇಲೇ ಉರುಳಿಕೊಂಡು ನಮ್ಮ ಬೇಲೆಗೆ ಹೇಗೆ ಬಂದೀತು? ರಸ್ತೆ ಇದ್ದರೆ ಬರಬಹುದು ಎನ್ನುವುದು ಸುಲಭದ ಉತ್ತರ. ಆದರೆ ರಸ್ತೆ ಎನ್ನುವುದು ಬರೀ ಜಲ್ಲಿ ಡಾಂಬರಲ್ಲ. ದಾರಿಯಲ್ಲಿ ಸಿಗುವ ಪ್ರತಿ ದೇಶವೂ ಗೇಟು ಎತ್ತಿದ್ದರೆ ಮಾತ್ರ ಅದು ರಸ್ತೆ. ಲಂಡನ್ನಿನಿಂದ ಕಾರವಾರದವರೆಗಿನ ಅಷ್ಟೂ ಗೇಟುಗಳು ಒಟ್ಟಿಗೆ ತೆರೆದಿದ್ದ ಕಾಲ ಬಹಳ ಚಿಕ್ಕದು. ಒಂದು ಡಿಸೆಂಬರಿನಲ್ಲಿ ಕೊನೆಯ ಗೇಟು ತೆರೆಯಿತು. ಸರಿಯಾಗಿ 18 ವರ್ಷಗಳ ನಂತರದ ಡಿಸೆಂಬರಿನಲ್ಲಿ ನಡುವಿನ ಗೇಟು ಮುಚ್ಚಿತು. ನಮ್ಮ ಕ್ಯಾನು ಆ 18 ವರ್ಷಗಳದ್ದು.

ಮೊದಲು ಕೊನೆಯ ಗೇಟಿನ ಮಾತು. ಕಾರವಾರದ ಉತ್ತರಕ್ಕೆ ಮಾಜಾಳಿ, ಅದರಾಚೆ ಗೋವೆಯ ಪೋಳೆ. ಇಂದು ಬಸ್ಸಿನಲ್ಲಿ ಕೂತವರಿಗೆ ಗಡಿ ದಾಟಿದ್ದು ತಿಳಿಯುವುದು ಸಾರಾಯಿ ಅಂಗಡಿಗಳ ಫಲಕ ಹೆಚ್ಚಾದಾಗ. 1961ರವರೆಗೆ ಅದು ಎರಡು ದೇಶಗಳ ಗಡಿ. ಇತ್ತ ಭಾರತ, ಅತ್ತ ಪೋರ್ಚುಗಲ್. 1955ರ ಆಗಸ್ಟ್ 15ರಂದು ಗೋವೆಯೊಳಗೆ ಕಾಲಿಟ್ಟ ನಿರಾಯುಧ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ಭಾರತ ಗಡಿಯನ್ನು ಬಿಗಿದು ದಿಗ್ಬಂಧನ ಹಾಕಿತು. ಎರಡೂ ಕಡೆ ನೆಂಟರಿದ್ದ ಮನೆಗಳಿಗೆ ಮದುವೆ ಮುಂಜಿಯ ಹೋಗಿಬರುವಿಕೆಯೇ ಕಷ್ಟವಾಯಿತು. ಅದರ ಮುಂದಿನ ವರ್ಷ, 1956ರ ನವೆಂಬರ್ 1ಕ್ಕೆ, ಕಾರವಾರ ಮುಂಬಯಿ ರಾಜ್ಯದಿಂದ ಬಿಡುಗಡೆಯಾಗಿ ಮೈಸೂರು ರಾಜ್ಯಕ್ಕೆ ಸೇರಿತು. ಆದರೂ ಉತ್ತರದ ಕರಾವಳಿಗೆ ಹೋಗುವ ದಾರಿ ಮುಚ್ಚಿಯೇ ಇತ್ತು. 1961ರ ಡಿಸೆಂಬರ್ 19ರಂದು ಪೋರ್ಚುಗೀಸರು ಶರಣಾದರು. ಮುಂಬಯಿಯಿಂದ ಮಂಗಳೂರಿನವರೆಗೆ ಕರಾವಳಿ ಒಂದೇ ದೇಶವಾಯಿತು.

ಅತ್ತ ಯುರೋಪಿನಲ್ಲಿ ಹೊರಡುವವರು ಅಷ್ಟರಲ್ಲೇ ಸಿದ್ಧರಾಗಿದ್ದರು. 1955ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಆರು ಹುಡುಗರು ಎರಡು ಲ್ಯಾಂಡ್‌ರೋವರ್ ಹತ್ತಿ ಲಂಡನ್ನಿನಿಂದ ಹೊರಟು, ಬರ್ಮಾ ದಾಟಿ, 1956ರ ಮಾರ್ಚಿನಲ್ಲಿ ಸಿಂಗಪುರ ಮುಟ್ಟಿದರು. 1957ರ ಏಪ್ರಿಲಿನಲ್ಲಿ 'ಇಂಡಿಯಾಮನ್' ಎಂಬ ಬಸ್ಸು ಲಂಡನ್ನಿನಿಂದ ಕಲ್ಕತ್ತೆಗೆ ಹೊರಟಿತು. ಒಬ್ಬರಿಗೆ ಟಿಕೆಟ್ 85 ಪೌಂಡ್. ಬಸ್ಸು ಕಲ್ಕತ್ತೆ ತಲುಪಿದ್ದು ಜೂನಿನಲ್ಲಿ. ಹಡಗಿನಲ್ಲೂ ವಿಮಾನದಲ್ಲೂ ಬರಬಹುದಾದ ಕಾಲದಲ್ಲಿ ಜನ ಬಸ್ಸಿನಲ್ಲಿ ಕೂತು ಖಂಡ ದಾಟಲು ಒಪ್ಪಿದರು ಎಂಬುದೇ ಅದರಲ್ಲಿ ದೊಡ್ಡ ಸುದ್ದಿ.

ಬಸ್ಸಿಗಿಂತ ಹೆಚ್ಚು ಜನರ ಕನಸಿಗೆ ಹೊಂದಿದ್ದು ವ್ಯಾನು. ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತಯಾರಿಸತೊಡಗಿದ ಡಬ್ಬಿಯಂಥ ವ್ಯಾನು ಮೊದಲಿಗೆ ಅಂಗಡಿ ಸಾಮಾನು ಸಾಗಿಸುವ ಗಾಡಿ. ಅದರೊಳಗೆ ಹಾಸಿಗೆ, ಕಪಾಟು, ಒಲೆ ಜೋಡಿಸಿ ಮನೆ ಮಾಡಿದ್ದು ಆಮೇಲೆ. ಅದರ ಇಂಜಿನು ಹಿಂದೆ, ಹಿಂದಿನ ಚಕ್ರಗಳ ಮೇಲೇ ಇತ್ತು. ಹಾಗಾಗಿ ಸಡಿಲ ಮಣ್ಣಿನಲ್ಲಿ ಚಕ್ರಕ್ಕೆ ಹಿಡಿತ ಸಿಗುತ್ತಿತ್ತು. ಇಂಜಿನನ್ನು ತಣಿಸುವುದು ಗಾಳಿ. ರೇಡಿಯೇಟರ್ ಇಲ್ಲ, ನೀರು ಕುದಿಯುವ ಚಿಂತೆ ಇಲ್ಲ. ಮರುಭೂಮಿ ದಾಟುವವರಿಗೆ ಇದು ದೊಡ್ಡ ಅನುಕೂಲ. ಹಳೆಯ ವ್ಯಾನು ಅಗ್ಗಕ್ಕೂ ಸಿಗುತ್ತಿತ್ತು. ಯುದ್ಧದ ನಂತರ ಹುಟ್ಟಿದ, ಅಪ್ಪಂದಿರ ನೌಕರಿ ಮನೆ ಮಾತಾವುದೂ ಬೇಡವಾಗಿದ್ದ ಹುಡುಗ ಹುಡುಗಿಯರು ನಾಲ್ಕು ಜನ ದುಡ್ಡು ಕೂಡಿಸಿ ಒಂದನ್ನು ಕೊಳ್ಳುತ್ತಿದ್ದರು.

ದಾರಿಗೆ ಒಂದು ಕ್ರಮವಿತ್ತು. ಎಲ್ಲರೂ ಮೊದಲು ಸೇರುವುದು ಇಸ್ತಾಂಬುಲ್. ಅಲ್ಲಿನ ಸುಲ್ತಾನಹ್ಮೆತ್‌ನಲ್ಲಿ 1957ರಲ್ಲಿ ಅಣ್ಣತಮ್ಮಂದಿರು ತೆರೆದ ಒಂದು ಸಣ್ಣ ಹೋಟೆಲಿಗೆ ಪ್ರಯಾಣಿಕರು 'ಪುಡ್ಡಿಂಗ್ ಶಾಪ್' ಎಂದು ಹೆಸರಿಟ್ಟಿದ್ದರು. ಅದರ ಗೋಡೆಯ ಹಲಗೆಯ ಮೇಲೆ ಚೀಟಿಗಳು: ವ್ಯಾನಿನಲ್ಲಿ ಜಾಗ ಇದೆ, ದಿಲ್ಲಿಗೆ ಯಾರು ಬರುತ್ತೀರಿ, ಕಾಬೂಲಿನಲ್ಲಿ ಬಿಟ್ಟುಹೋದ ಗೆಳತಿ ಎಲ್ಲಿದ್ದೀ. ಬಾಸ್ಫರಸ್ ಮೇಲೆ ಸೇತುವೆ ಬಂದದ್ದು 1973ರಲ್ಲಿ. ಅದಕ್ಕೆ ಮೊದಲು ವ್ಯಾನು ಹಡಗೇರಿ ಏಷ್ಯಾದ ದಡ ಸೇರಬೇಕು. ಮುಂದೆ ಎರ್ಜುರುಮ್, ಅರಾರಾತ್ ಪರ್ವತದ ಬುಡ, ತಬ್ರೀಜ್, ತೆಹ್ರಾನ್, ಮಶ್ಹದ್. ಅಲ್ಲಿಂದ ಅಫ್ಘಾನಿಸ್ತಾನದ ಹೆರಾತ್, ಕಂದಹಾರ, ಕಾಬೂಲ್. ನಂತರ ಖೈಬರ್ ಕಣಿವೆ ಇಳಿದು ಪೇಶಾವರ, ಲಾಹೋರ್, ಅಮೃತಸರ.

ಇದರಲ್ಲಿ ಅಫ್ಘಾನಿಸ್ತಾನದ ಭಾಗ ನನಗೆ ಎಲ್ಲಕ್ಕಿಂತ ಸೋಜಿಗ. ಹೆರಾತಿನಿಂದ ಕಂದಹಾರದವರೆಗಿನ ಕಾಂಕ್ರೀಟ್ ರಸ್ತೆ ಸೋವಿಯತ್ ಒಕ್ಕೂಟ ಮಾಡಿಕೊಟ್ಟದ್ದು. ಕಂದಹಾರದಿಂದ ಕಾಬೂಲಿನವರೆಗಿನ ಡಾಂಬರು ರಸ್ತೆ ಅಮೆರಿಕ ಮಾಡಿಕೊಟ್ಟದ್ದು. ಎರಡೂ ಮುಗಿದದ್ದು 1960ರ ದಶಕದ ನಡುವಿನಲ್ಲಿ. ಒಂದು ಬಡ ದೇಶದ ಸ್ನೇಹಕ್ಕಾಗಿ ಎರಡು ದೊಡ್ಡ ದೇಶಗಳು ಪೈಪೋಟಿಯಲ್ಲಿ ಹಾಕಿದ ರಸ್ತೆಗಳು ಅವು. ಯುದ್ಧ ಬೇಡ, ಸರಕಾರ ಬೇಡ ಎಂದು ಮನೆ ಬಿಟ್ಟು ಬಂದವರು ಸರಾಗವಾಗಿ ಸಾಗಿದ್ದು ಶೀತಲ ಸಮರದ ಖರ್ಚಿನಲ್ಲಿ. ಅವರಲ್ಲಿ ಎಷ್ಟು ಜನ ಅದನ್ನು ಗಮನಿಸಿದರೋ.

1972ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ಎಂಬ ಎಳೆಯ ದಂಪತಿ ಲಂಡನ್ನಿನಲ್ಲಿ ಒಂದು ಹಳೆಯ ಮಿನಿವ್ಯಾನು ಕೊಂಡು ಇದೇ ದಾರಿಯಲ್ಲಿ ಬಂದರು. ಕಾಬೂಲಿನಲ್ಲಿ ಅದನ್ನು ಮಾರಿ, ಮುಂದಿನ ದಾರಿಯನ್ನು ಬಸ್ಸು, ರೈಲು, ದೋಣಿಗಳಲ್ಲಿ ಕಳೆದು, ವರ್ಷದ ಕೊನೆಗೆ ಆಸ್ಟ್ರೇಲಿಯಾ ಸೇರಿದಾಗ ಅವರ ಕಿಸೆಯಲ್ಲಿ ಉಳಿದದ್ದು 27 ಸೆಂಟ್. ದಾರಿಯ ವಿವರ ಕೇಳಿದವರಿಗಾಗಿ 1973ರಲ್ಲಿ ಅವರು ಮಾಡಿದ ತೆಳುವಾದ ಪುಸ್ತಕವೇ ಮುಂದೆ 'ಲೋನ್ಲಿ ಪ್ಲಾನೆಟ್' ಎಂಬ ದೊಡ್ಡ ಪ್ರಕಾಶನವಾಯಿತು.

ಹೀಗೆ ಬಂದವರು ಸಮುದ್ರದ ದಂಡೆಯಲ್ಲೇ ಏಕೆ ನಿಂತರು? ದಂಡೆ ಚೆಂದ ಎಂಬುದು ಅರ್ಧ ಉತ್ತರ. ಇನ್ನರ್ಧ ಭೂಪಟದಲ್ಲಿದೆ. 1962ರಲ್ಲಿ ಬರ್ಮಾದಲ್ಲಿ ಸೇನಾಧಿಪತಿ ನೆ ವಿನ್ ಅಧಿಕಾರ ಹಿಡಿದ ಮೇಲೆ ಆ ದೇಶ ತನ್ನ ಬಾಗಿಲು ಹಾಕಿಕೊಂಡಿತು. 1956ರಲ್ಲಿ ಲ್ಯಾಂಡ್‌ರೋವರ್ ಹುಡುಗರು ದಾಟಿದ ದಾರಿಯಲ್ಲಿ ಇನ್ನು ಯಾರೂ ದಾಟುವಂತಿರಲಿಲ್ಲ. ಮುಂದೆ ಹೋಗಬೇಕಾದವರು ಮದ್ರಾಸಿನಿಂದ ಪೆನಾಂಗಿಗೆ ಹಡಗು ಹಿಡಿಯಬೇಕು. ಅಂದರೆ ನೆಲದ ದಾರಿ ಭಾರತದಲ್ಲಿ ಮುಗಿಯುತ್ತಿತ್ತು. ಉತ್ತರಕ್ಕೆ ತಿರುಗಿದರೆ ಕಾಠ್ಮಂಡು, ದಕ್ಷಿಣಕ್ಕೆ ತಿರುಗಿದರೆ ಗೋವೆ. ಬೇಸಗೆಯಲ್ಲಿ ಬೆಟ್ಟ, ಮಳೆ ಮುಗಿದ ಮೇಲೆ ಕಡಲು ಎಂಬ ವಾಡಿಕೆ ಬೆಳೆಯಿತು. ಅಕ್ಟೋಬರಿನ ಹೊತ್ತಿಗೆ ವ್ಯಾನುಗಳು ಕಲಂಗುಟ್, ಬಾಗಾ, ಅಂಜುಣದ ತೆಂಗಿನ ತೋಟಗಳಿಗೆ ಇಳಿಯುತ್ತಿದ್ದವು.

ಗೋವೆಯೇ ಏಕೆ ಎಂಬುದಕ್ಕೂ ಕಾರಣಗಳಿದ್ದವು. ಮುಂಬಯಿ, ಆಫ್ರಿಕಾ, ಪೋರ್ಚುಗಲ್ ಎಂದು ದುಡಿಯಲು ಹೋದವರ ಮನೆಗಳು ಅಲ್ಲಿ ಖಾಲಿ ಇದ್ದವು. ತಿಂಗಳ ಬಾಡಿಗೆ ಕೊಡುವವರಿಗೆ ಅವು ಸಿಗುತ್ತಿದ್ದವು. ಮುಂಬಯಿಯಲ್ಲಿ ಪಾನನಿರೋಧ ಇದ್ದ ಕಾಲದಲ್ಲಿ ಗೋವೆಯಲ್ಲಿ ಫೆನಿ ಅಗ್ಗ. ಯಾರ ಕೈಯ ಅಡುಗೆ, ಯಾವ ಮಾಂಸ ಎಂಬ ಪ್ರಶ್ನೆ ಕ್ರೈಸ್ತ ಮನೆಗಳಲ್ಲಿ ಏಳುತ್ತಿರಲಿಲ್ಲ. 1960ರ ದಶಕದಲ್ಲೇ ಬಂದು ಅಂಜುಣದಲ್ಲಿ ನೆಲೆಸಿದ ಅಮೆರಿಕದ ಒಬ್ಬನನ್ನು ಎಲ್ಲರೂ 'ಎಂಟು ಬೆರಳಿನ ಎಡ್ಡಿ' ಎಂದು ಕರೆಯುತ್ತಿದ್ದರು. ಹೊಸದಾಗಿ ಬಂದವರಿಗೆ ಅವನ ಮನೆಯಲ್ಲಿ ಗಂಜಿ, ಮಲಗಲು ಜಾಗ. ಅಂಜುಣದ ಬುಧವಾರದ ಸಂತೆ ಶುರುವಾದದ್ದು ದುಡ್ಡು ತೀರಿದ ಪ್ರವಾಸಿಗಳು ತಮ್ಮ ತಮ್ಮ ಸಾಮಾನು ಮಾರಿಕೊಳ್ಳಲು. ಎಡ್ಡಿ ಸತ್ತದ್ದು 2010ರಲ್ಲಿ, ಗೋವೆಯಲ್ಲೇ.

ಅಂಜುಣದ ಗದ್ದಲ ಬೇಡವೆನಿಸಿದವರು ಇನ್ನೂ ದಕ್ಷಿಣಕ್ಕೆ ಹೊರಡುತ್ತಿದ್ದರು. 1961ಕ್ಕೆ ಮೊದಲು ಇಲ್ಲದಿದ್ದ ಮಾಜಾಳಿಯ ದಾರಿ ಈಗ ಇತ್ತು. ಸದಾಶಿವಗಡದ ಬಳಿ ಕಾಳಿ ನದಿಗೆ ಆಗಿನ್ನೂ ಸೇತುವೆ ಇಲ್ಲ, ಜನವೂ ವಾಹನವೂ ತಾರಿಯಲ್ಲೇ ದಾಟಬೇಕು. ದಾಟಿ ಕೋಡಿಬಾಗ, ಕಾರವಾರ. 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರನ್ನು ಮರುಳು ಮಾಡಿದ ಬೇಲೆ ಅದು. ಅವರ ನಾಟಕ 'ಪ್ರಕೃತಿರ್ ಪ್ರತಿಶೋಧ' ಹುಟ್ಟಿದ್ದು ಕಾರವಾರದಲ್ಲಿ. ಅಲ್ಲಿಂದ ಮುಂದೆ ಅಂಕೋಲೆ, ಗೋಕರ್ಣದವರೆಗೆ ಗುಡ್ಡವೊಂದು ಬೇಲೆಯೊಂದು ಎಂಬಂತೆ ಕರಾವಳಿ ಸಾಗುತ್ತದೆ. ಆ ಸಾಲಿನಲ್ಲಿ ಒಂದು ನಮ್ಮದು.

ಮರಳಿನ ಮೇಲೆ ವ್ಯಾನು ನಿಲ್ಲಿಸುವುದಕ್ಕೂ ಒಂದು ವಿದ್ಯೆ ಬೇಕು. ಚಕ್ರದ ಗಾಳಿ ಅರ್ಧ ಇಳಿಸಬೇಕು, ಅಗಲವಾದ ಟಯರು ಮರಳಿನಲ್ಲಿ ಹೂಳುವುದಿಲ್ಲ. ಹೂತರೆ ಮಡಲು ಹಾಸಿ ಹೊರಗೆಳೆಯಬೇಕು. ಭರತದ ಗೆರೆಯಿಂದ ಮೇಲೆ, ತೆಂಗಿನ ಮರದ ನೇರ ಕೆಳಗಲ್ಲದ ಕಡೆ ನಿಲ್ಲಿಸಬೇಕು. ಕಾಯಿ ಬಿದ್ದು ಗಾಜು ಹೋಗುವುದು ಒಂದೇ ಪಾಠದಲ್ಲಿ ಕಲಿಯುವ ಸಂಗತಿ. ಉಪ್ಪುಗಾಳಿಗೆ ತಗಡು ವಾರದೊಳಗೆ ತುಕ್ಕು ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯ ನೀರು. ವ್ಯಾನಿನಲ್ಲಿ ಹಾಸಿಗೆ, ಒಲೆ, ಪುಸ್ತಕ ಎಲ್ಲ ಇರಬಹುದು, ಬಾವಿ ಇರುವುದಿಲ್ಲ. ಯಾವ ಬೇಲೆಯ ಮೇಲೆ ನಿಂತರೂ ಎರಡನೇ ದಿನ ಒಂದು ಮನೆಯ ಬಾವಿಗೆ ಹೋಗಲೇಬೇಕು. ಪ್ರವಾಸಿಗಳ ಬರಹಗಳಲ್ಲಿ ಸೂರ್ಯಾಸ್ತ ಪುಟಗಟ್ಟಲೆ ಬರುತ್ತದೆ. ಬಾವಿಯ ಮನೆಯ ಹೆಂಗಸಿಗೆ ಸಿಗುವುದು ಬಹಳವಾದರೆ ಒಂದು ಸಾಲು.

ಅವರು ಹೇಳುತ್ತಿದ್ದ ಸ್ವಾತಂತ್ರ್ಯದ ಒಳಗೂ ಒಂದು ಗಂಟಿತ್ತು. ಅದರ ಹೆಸರು ಕಾರ್ನೆ. ವಾಹನವನ್ನು ಗಡಿ ದಾಟಿಸಿ ತರುವವರು ತಮ್ಮ ದೇಶದ ಮೋಟಾರು ಸಂಘದಿಂದ ಪಡೆದು ತರಬೇಕಾದ ಪುಸ್ತಿಕೆ. ಪ್ರತಿ ದೇಶಕ್ಕೂ ಒಂದು ಹಾಳೆ. ಒಳಗೆ ಬರುವಾಗ ಒಂದು ಚೂರು ಹರಿದು ಮುದ್ರೆ, ಹೊರಗೆ ಹೋಗುವಾಗ ಇನ್ನೊಂದು ಚೂರು ಹರಿದು ಮುದ್ರೆ. ಹೊರಗೆ ಹೋದ ಮುದ್ರೆ ಇಲ್ಲದಿದ್ದರೆ ವಾಹನವನ್ನು ಅಲ್ಲೇ ಮಾರಿದ್ದೀರಿ ಎಂದರ್ಥ. ಆಗ ಸುಂಕವೆಲ್ಲ ಸಂಘದ ಮೇಲೆ ಬೀಳುತ್ತದೆ, ಸಂಘ ಅದನ್ನು ಊರಲ್ಲಿ ಜಾಮೀನು ನಿಂತವರಿಂದ ವಸೂಲು ಮಾಡುತ್ತದೆ. ಜಾಮೀನು ನಿಂತವರು ಹೆಚ್ಚಾಗಿ, ಯಾರ ಮಾತು ಬೇಡವೆಂದು ಮನೆಬಿಟ್ಟು ಬಂದಿದ್ದರೋ ಆ ಅಪ್ಪಂದಿರೇ. ಬೇಲೆಯ ಮೇಲೆ ಹಾಯಾಗಿ ಮಲಗಿದವನ ವ್ಯಾನಿನ ಕಪಾಟಿನಲ್ಲಿ ಅಪ್ಪನ ಸಹಿ ಎಚ್ಚರವಾಗಿಯೇ ಇರುತ್ತಿತ್ತು.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಆ ಪ್ರವಾಸಿಗಳ ಕಣ್ಣಿಗೆ ಬೇಲೆ ಖಾಲಿ ಜಾಗ. ದಾರಿ ಮುಗಿದ ಮೇಲೆ ಉಳಿಯುವ, ಯಾರದ್ದೂ ಅಲ್ಲದ ಮರಳು. ನಮ್ಮವರಿಗೆ ಅದು ಅಂಗಳ, ಕಣ, ಕಾರ್ಖಾನೆ. ವ್ಯಾನುಗಳ ಋತು ಯಾವುದೋ ಅದೇ ರಂಪಣಿಯ ಋತು. ಮಳೆಗಾಲ ಕಳೆದು ಬಂಗಡೆ, ತಾರ್ಲೆಗಳ ಹಿಂಡು ದಂಡೆಯ ಹತ್ತಿರ ಬರುವ ತಿಂಗಳುಗಳಲ್ಲಿ ದಿನವಿಡೀ ಬೇಲೆಯ ಮೇಲೆ ಜನ.

ರಂಪಣಿ ಕಾಣದ ಓದುಗರಿಗೆ ನಾಲ್ಕು ಮಾತು. ಅದು ಒಬ್ಬರ ಬಲೆಯಲ್ಲ. ಮನೆಮನೆಯ ತುಂಡುಗಳನ್ನು ಸೇರಿಸಿ ಹೊಲಿದ ದೊಡ್ಡ ಎಳೆಬಲೆ. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಮೀನಿನ ಹಿಂಡು ಗುರುತಿಸುವವನು ಕೂಗು ಹಾಕುತ್ತಾನೆ. ಬಲೆ ಹೇರಿದ ದೋಣಿ ಹಿಂಡನ್ನು ಸುತ್ತುವರಿದು ಅರ್ಧಚಂದ್ರದಂತೆ ಬಲೆ ಬಿಡುತ್ತ ಬರುತ್ತದೆ. ಎರಡು ತುದಿಯ ಹಗ್ಗಗಳು ದಂಡೆಯಲ್ಲಿ. ಎರಡು ಸಾಲಿನಲ್ಲಿ ಹತ್ತಾರು ಜನ, ದೊಡ್ಡ ಬಲೆಯಾದರೆ ನೂರರ ಹತ್ತಿರ, ಹಾಡು ಹೇಳುತ್ತ ತಾಸುಗಟ್ಟಲೆ ಎಳೆಯುತ್ತಾರೆ. ಬಂದ ಮೀನಿನಲ್ಲಿ ದೋಣಿಗೊಂದು ಪಾಲು, ಬಲೆಗೊಂದು ಪಾಲು, ಎಳೆದವರಿಗೆಲ್ಲ ಪಾಲು. ಎಳೆಯಲು ಕೈಹಾಕಿದ ವಿಧವೆಗೂ ಹುಡುಗನಿಗೂ ಬುಟ್ಟಿಯ ತಳ ಮುಚ್ಚುವಷ್ಟಾದರೂ ಸಿಗಬೇಕು. ಈ ಲೆಕ್ಕ ಎಲ್ಲೂ ಬರೆದದ್ದಲ್ಲ, ಆದರೆ ತಪ್ಪಿದರೆ ಊರೇ ಮಾತು ಎತ್ತುತ್ತಿತ್ತು.

ಜರ್ಮನಿಯ ಆ ವ್ಯಾನು ನಿಂತದ್ದು ಉತ್ತರದ ಹಗ್ಗ ಎಳೆಯುವ ಜಾಗದಲ್ಲಿ. ಮೂರನೇ ದಿನ ಕೂಗು ಬಿದ್ದಾಗ ಅಜ್ಜ ಹೋಗಿ ವ್ಯಾನಿನ ತಗಡಿಗೆ ಬಡಿದನಂತೆ. ಭಾಷೆ ಇಲ್ಲ. ಕೈಸನ್ನೆ ಅವರಿಗೆ ಬೈದಂತೆ ಕಂಡಿತು, ಅವರು ಪಾಸ್‌ಪೋರ್ಟ್ ತೆಗೆದು ತೋರಿಸಿದರು. ಅಷ್ಟರಲ್ಲಿ ದೋಣಿ ತಿರುಗಿಯಾಗಿತ್ತು. ಜನವೆಲ್ಲ ಸೇರಿ ವ್ಯಾನನ್ನೇ ನೂಕಿ ಗಾಳಿಮರದ ಆಚೆ ನಿಲ್ಲಿಸಿದರು. ವಿಷಯ ಏನೆಂದು ಬಲೆ ದಂಡೆಗೆ ಬರುವಾಗ ಆ ಗಂಡಸಿಗೆ ತಿಳಿಯಿತು. ಬಂದು ಹಗ್ಗಕ್ಕೆ ಕೈಹಾಕಿದ. ಆ ದಿನದ ಲೆಕ್ಕದಲ್ಲಿ ಅವನಿಗೂ ಒಂದು ಪಾಲು ಹೋಯಿತು. "ಅಂವ ಎಳದಿದ್ನಲ್ಲ ಮಗಾ, ಕೊಡದೆ ಇರೂಕೆ ಆಗ್ತದ್ಯಾ?" ಎಂದು ಅಜ್ಜ ಹೇಳುತ್ತಿದ್ದ. ಬಂಗಡೆಯ ಮುಳ್ಳು ತೆಗೆಯುವುದನ್ನು ಆ ಮಗುವಿಗೆ ಕಲಿಸಿದ್ದು ನಮ್ಮ ಆಯಿ. ಆಗ ಅವಳಿಗೆ ಹದಿಮೂರೋ ಹದಿನಾಲ್ಕೋ.

ಇದನ್ನು ಬರೆಯುವಾಗ ಎಲ್ಲವೂ ಚೆಂದವಿತ್ತು ಎಂಬ ಬಣ್ಣ ಹಚ್ಚುವ ಆಸೆ ನನಗಿಲ್ಲ. ಅಜ್ಜಿ ಬಾವಿಯ ನೀರು ಕೊಟ್ಟಳು, ಒಳಗೆ ಕರೆಯಲಿಲ್ಲ. ಬೇಲೆಯಲ್ಲಿ ಅವರು ಬಟ್ಟೆ ಕಳಚಿ ಮೀಯುತ್ತಿದ್ದುದರಿಂದ ಆ ಎಂಟು ದಿನ ಮನೆಯ ಹೆಣ್ಣುಮಕ್ಕಳಿಗೆ ಸಂಜೆ ದಂಡೆಗೆ ಹೋಗಲು ತಡೆ. 1971ರಲ್ಲಿ ಬಂದ ದೇವಾನಂದರ 'ಹರೇ ರಾಮಾ ಹರೇ ಕೃಷ್ಣಾ' ಚಿತ್ರ ನೋಡಿದ್ದ ಊರಿನ ತರುಣರಿಗೆ ಹಿಪ್ಪಿ ಎಂದರೆ ಗಾಂಜಾ ಮಾತ್ರ, ಅದಕ್ಕಾಗಿಯೇ ವ್ಯಾನಿನ ಸುತ್ತ ಸುಳಿದವರೂ ಇದ್ದರು. ಗೋವೆಯಲ್ಲಂತೂ ಬಾಡಿಗೆಯ ದುಡ್ಡಿನಿಂದ ಮನೆ ಎದ್ದವರಿದ್ದಾರೆ, ಮಾದಕ ವಸ್ತುವಿನಿಂದ ಮನೆ ಬಿದ್ದವರೂ ಇದ್ದಾರೆ. ಆದರೂ ಒಂದು ಮಾತು ಉಳಿಯುತ್ತದೆ. ಬೇಲೆ ಯಾರದ್ದು ಎಂಬ ಜಗಳವನ್ನು ಆ ದಿನ ಬೇಲೆಯ ಮೇಲೇ ನಿಂತು, ನಾಲ್ಕು ಜನ ವ್ಯಾನು ನೂಕಿ, ತೀರಿಸಿಕೊಳ್ಳಲು ಸಾಧ್ಯವಿತ್ತು.

ನೆಲದ ದಾರಿಯಲ್ಲಿ ಬಂದವರಲ್ಲಿ ಕಣ್ಣಿದ್ದವರು ಇರಲಿಲ್ಲವೆಂದಲ್ಲ. ಅವರಿಗೂ ಮೂರೂವರೆ ಶತಮಾನ ಮೊದಲು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಹೆಚ್ಚುಕಡಿಮೆ ಇದೇ ದೇಶಗಳನ್ನು ಹಾದು ಬಂದಿದ್ದ. 1614ರಲ್ಲಿ ವೆನಿಸ್ ಬಿಟ್ಟು, ಇಸ್ತಾಂಬುಲ್, ಬಾಗ್ದಾದ್, ಇಸ್ಫಹಾನ್‌ಗಳಲ್ಲಿ ವರ್ಷಗಳನ್ನು ಕಳೆದು, ಪರ್ಶಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿಟ್ಟು ಜೊತೆಗೇ ಹೊತ್ತು ತಿರುಗುತ್ತ, 1623ರಲ್ಲಿ ಗೋವೆಗೆ ಬಂದ. ಅಲ್ಲಿಂದ ಹೊನ್ನಾವರ, ಗೇರುಸೊಪ್ಪೆ ಮಾರ್ಗವಾಗಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋಗುವ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟ. ಆ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಹುಡುಗರು ನೆಲಕ್ಕೆ ನಯವಾದ ಮರಳು ಹರಡಿ, ಬೆರಳಿನಿಂದ ಲೆಕ್ಕ ಬರೆದು, ರಾಗವಾಗಿ ಹೇಳಿಕೊಳ್ಳುವುದನ್ನು ನಿಂತು ನೋಡಿದ. ಮರಳು ಮುಗಿದರೆ ಏನು ಮಾಡುತ್ತೀರಿ ಎಂಬಂಥ ಪ್ರಶ್ನೆಗಳನ್ನು ಕೇಳಿ, ಅಳಿಸಿ ಮತ್ತೆ ಹರಡುತ್ತೇವೆ ಎಂಬ ವಿವರವನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ನಮ್ಮ ನಾಡಿನ ಮಕ್ಕಳು ಆ ಕಾಲದಲ್ಲಿ ಹೇಗೆ ಓದುತ್ತಿದ್ದರು ಎಂಬುದಕ್ಕೆ ಇಂದು ಅದೊಂದು ಅಪರೂಪದ ಸಾಕ್ಷಿ. ನಿಂತು ಕೇಳಿದ ಒಬ್ಬ ದಾರಿಹೋಕನಿಂದ ಎಷ್ಟು ಉಳಿಯಿತು ನೋಡಿ. ಸಾವಿರಾರು ವ್ಯಾನುಗಳ ಕಾಲದಲ್ಲಿ ರಂಪಣಿಯ ಹಾಡು, ಪಾಲಿನ ಲೆಕ್ಕ ಹಾಗೆ ಬರೆದಿಟ್ಟವರನ್ನು ನಾನು ಹುಡುಕುತ್ತಲೇ ಇದ್ದೇನೆ.

ಗೇಟು ಮುಚ್ಚತೊಡಗಿದ್ದು 1978ರಲ್ಲಿ. ಏಪ್ರಿಲಿನಲ್ಲಿ ಕಾಬೂಲಿನಲ್ಲಿ ಕ್ರಾಂತಿ ನಡೆದು ಅಧ್ಯಕ್ಷ ದಾವೂದ್ ಕೊಲೆಯಾದ. 1979ರ ಜನವರಿಯಲ್ಲಿ ಇರಾನಿನ ಶಾ ದೇಶ ಬಿಟ್ಟ, ಫೆಬ್ರವರಿಯಲ್ಲಿ ಖೊಮೇನಿ ಬಂದಿಳಿದ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನವನ್ನು ಹೊಕ್ಕಿತು. ಸ್ನೇಹಕ್ಕೆಂದು ಹಾಕಿಕೊಟ್ಟ ಕಾಂಕ್ರೀಟ್ ರಸ್ತೆಯಲ್ಲಿ ಈಗ ಅವರದೇ ಟ್ಯಾಂಕುಗಳು. ಗೋವೆಯ ಗೇಟು ತೆರೆದು 18 ವರ್ಷ ತುಂಬಿದ ವಾರವೇ ಅದು. ವ್ಯಾನುಗಳ ಕಾಲ ಮುಗಿಯಿತು. ಹಿಪ್ಪಿಗಳ ಭಾರತಯಾತ್ರೆಯನ್ನು ನಗುತ್ತಲೇ ಚುಚ್ಚುವ ಗೀತಾ ಮೆಹ್ತಾರ 'ಕರ್ಮ ಕೋಲಾ' ಹೊರಬಂದದ್ದೂ 1979ರಲ್ಲೇ.

ಆದರೆ ಅದೇ ಹೊತ್ತಿಗೆ ನಮ್ಮ ಬೇಲೆಯ ಮೇಲೂ ಒಂದು ಕಾಲ ಮುಗಿಯುತ್ತಿತ್ತು. ಅದು ಯಾವ ಪ್ರವಾಸಕಥನದಲ್ಲೂ ಇಲ್ಲ. 1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ದೋಣಿಗಳು ಬಂದವು. ಯಂತ್ರದ ದೋಣಿ ಮೀನಿನ ಹಿಂಡನ್ನು ದಂಡೆಗೆ ಬರುವ ಮೊದಲೇ ಸುತ್ತುವರಿದು, ಚೀಲದ ಬಾಯಿ ಬಿಗಿದಂತೆ ಬಲೆಯ ತಳ ಬಿಗಿದು ಎತ್ತಿಕೊಳ್ಳುತ್ತದೆ. ನೂರು ಜನರ ಕೆಲಸ ಇಪ್ಪತ್ತು ಜನರಿಗಾಯಿತು. ಹಿಂಡು ದಂಡೆಗೆ ಬರುವುದೇ ನಿಂತ ಮೇಲೆ ರಂಪಣಿ ಎಳೆಯುವುದಕ್ಕೆ ಏನಿದೆ? ಗೋವೆಯಲ್ಲಿ ರಾಂಪೊಣ್ಕಾರರು ಸಂಘಟಿತರಾಗಿ, ದಂಡೆಯಿಂದ ಇಷ್ಟು ದೂರದವರೆಗೆ ಯಂತ್ರದ ದೋಣಿ ಬರಕೂಡದು ಎಂದು ವರ್ಷಗಟ್ಟಲೆ ಹೋರಾಡಿದರು. ನಮ್ಮ ಕಡೆ ಬಲೆಗಳು ಒಂದೊಂದಾಗಿ ಅಟ್ಟಕ್ಕೇರಿದವು. ಕೂಡಿಸಿ ಹೊಲಿದಿದ್ದ ತುಂಡುಗಳನ್ನು ಬಿಚ್ಚಿ ಮನೆಮನೆಗೆ ಒಯ್ದರು. ಅಜ್ಜ ತನ್ನ ತುಂಡನ್ನು ಹಿತ್ತಲ ಬೇಲಿಗೆ ಕಟ್ಟಿದ.

ಹಾಗಾಗಿ ನನ್ನ ಮಟ್ಟಿಗೆ ಆ ಕಾಲದ ಇತಿಹಾಸ ಎರಡು ದಾರಿಗಳದ್ದು. ಒಂದು ಪಶ್ಚಿಮದಿಂದ ನೆಲದ ಮೇಲೆ ಬಂದ ದಾರಿ, ಇನ್ನೊಂದು ಕಡಲಿನಿಂದ ದಂಡೆಗೆ ಬರುತ್ತಿದ್ದ ಮೀನಿನ ದಾರಿ. ಎರಡೂ ಕೂಡಿದ್ದು ಬೇಲೆಯ ಮೇಲೆ, ಎರಡೂ ನಿಂತದ್ದು ಹೆಚ್ಚುಕಡಿಮೆ ಒಟ್ಟಿಗೆ. ಮೊದಲನೆಯದರ ಬಗ್ಗೆ ಕಪಾಟು ತುಂಬ ಪುಸ್ತಕಗಳಿವೆ. ಎರಡನೆಯದು ಇರುವುದು ಎಪ್ಪತ್ತು ದಾಟಿದ ಕೆಲವರ ನೆನಪಿನಲ್ಲಿ.

ದಂಡೆ ಖಾಲಿಯಾದ ಮೇಲೆ ಸರಕಾರದ ಕಣ್ಣು ಅದರ ಮೇಲೆ ಬಿತ್ತು. 1981ರ ನವೆಂಬರಿನಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ಗೆರೆಯಿಂದ 500 ಮೀಟರಿನವರೆಗೆ ದಂಡೆಯನ್ನು ಕಟ್ಟಡಗಳಿಂದ ಕಾಪಾಡಿ ಎಂದರು. ಅದೇ ಯೋಚನೆ 1991ರ ಫೆಬ್ರವರಿಯಲ್ಲಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಾಯಿತು. 1986ರಲ್ಲಿ ಕಾರವಾರದ ದಕ್ಷಿಣಕ್ಕೆ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಆ ಸಾಲಿನ ಹಲವು ಬೇಲೆಗಳು ಇಂದು ಬೇಲಿಯ ಒಳಗಿವೆ. 1980ರ ದಶಕದಲ್ಲಿ ಕಾಳಿಗೆ ಬಂದ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಬಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಗೋವೆಯ ಗದ್ದಲದಿಂದ ತಪ್ಪಿಸಿಕೊಂಡವರು ಗೋಕರ್ಣದ ಕುಡ್ಲೆ, ಓಂ ಬೇಲೆಗಳಿಗೆ ಇನ್ನೂ ಹೆಚ್ಚಾಗಿ ಬಂದರು. ಅವರು ವಿಮಾನದಲ್ಲಿ ಬಂದು ರೈಲಿನಲ್ಲಿ ಇಳಿದವರು. ನಡುವಿನ ದೇಶಗಳು ಅವರಿಗೆ ಮೋಡದ ಕೆಳಗಿನ ನೆಲ.

ಕಳೆದ ಚಳಿಗಾಲ ಊರಿಗೆ ಹೋದಾಗ ಗಾಳಿಮರಗಳ ಕೆಳಗೆ ಒಂದು ವ್ಯಾನು ನಿಂತಿತ್ತು. ಒಳಗೆ ಹಾಸಿಗೆ, ಒಲೆ, ಮೇಲೆ ಸೌರಫಲಕ. ಬೆಂಗಳೂರಿನ ಎಳೆಯ ದಂಪತಿ, ಮೂರು ತಿಂಗಳಿಂದ ಕರಾವಳಿಯುದ್ದಕ್ಕೂ ತಿರುಗುತ್ತಿದ್ದಾರಂತೆ. ಕನ್ನಡದಲ್ಲೇ ಮಾತಾಡಿದೆವು. ಜಾಗ ಎಷ್ಟು ಪ್ರಶಾಂತ, ಯಾರೂ ಇಲ್ಲ ಎಂದು ಹುಡುಗಿ ಹೇಳಿದಳು. ಅವಳ ತಪ್ಪಲ್ಲ. ಯಾರೂ ಇಲ್ಲದ ಹಾಗೆ ಆದದ್ದು ಹೇಗೆ ಎಂದು ಅವಳಿಗೆ ಯಾರು ಹೇಳಿದ್ದಾರೆ? ನಾನು ನಿಂತು, ಇಲ್ಲಿ ಉತ್ತರದ ಹಗ್ಗ, ಅಲ್ಲಿ ದಕ್ಷಿಣದ ಹಗ್ಗ ಎಂದು ತೋರಿಸಿದೆ. ಅವರು ಕುತೂಹಲದಿಂದ ಕೇಳಿದರು. ಆಮೇಲೆ ಹುಡುಗ ಮೆಲ್ಲಗೆ ಕೇಳಿದ, "ಇಲ್ಲಿ ಹತ್ತಿರದಲ್ಲಿ ಸಿಹಿನೀರು ಎಲ್ಲಿ ಸಿಗುತ್ತೆ ಸರ್?"

ಬಾವಿ ತೋರಿಸಿದೆ. ಆಯಿ ಒಳಗೇ ಕರೆದು ಕೂರಿಸಿ ಚಹಾ ಕೊಟ್ಟಳು. ಹಿಪ್ಪಿ ಕ್ಯಾನಿನ ಕತೆ ಹೇಳಿದಾಗ ಅದನ್ನು ನೋಡಬಹುದೇ ಎಂದರು. ಅದು ಈಗಿಲ್ಲ. ಅಜ್ಜಿ ಹೋದ ಮೇಲೆ, ತಳ ಸೋರತೊಡಗಿತೆಂದು ಆಯಿ ಗುಜರಿಯವನಿಗೆ ಹಾಕಿದ್ದಳು. ತೂಕಕ್ಕೆ ಬಂದ ದುಡ್ಡಿನಲ್ಲಿ ಒಂದು ಪ್ಲಾಸ್ಟಿಕ್ ಕೊಡ ತಂದಿದ್ದಳು. ಹುಡುಗ ನೀರು ಸೇದಿದ್ದು ಅದೇ ಕೊಡಕ್ಕೆ.